ತಿಳಿವಳಿಕೆ ಇತ್ತು, ಸಗಣಿ ಇರಲಿಲ್ಲ

ನಾನು ಸಾವಯವಕ್ಕೆ ಇಳಿದಿದ್ದು ಭೂಮಿತಾಯಿ ಮೇಲಿನ ಭಕ್ತಿಯಿಂದಲ್ಲ, ಗೊಬ್ಬರದಂಗಡಿ ಬಾಕಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ 2018ರಲ್ಲಿ ತೀರಿಕೊಂಡರು. ತಿಥಿ ಮುಗಿದ ವಾರಕ್ಕೆ ಅಂಗಡಿಯಿಂದ ಚೀಟಿ ಬಂತು. ಡಿಎಪಿ, ಯೂರಿಯಾ, ಕಳೆನಾಶಕ, ಅದರ ಮೇಲೆ ಬಡ್ಡಿ. ಆ ವರ್ಷದ ರಾಗಿ ಪೂರ್ತಿ ಮಾರಿದರೂ ಅದು ತೀರುತ್ತಿರಲಿಲ್ಲ. ಆಗ ನಾನು ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅವ್ವ ಒಬ್ಬಳೇ ಆದಳು ಅಂತ ಗುಬ್ಬಿ ತಾಲ್ಲೂಕಿನ ನಮ್ಮೂರಿಗೆ ವಾಪಸ್ ಬಂದೆ. ಮೂರು ಎಕರೆ ಖುಷ್ಕಿ ಹೊಲ, ಕೆಂಪು ಮಣ್ಣು, ಮಳೆ ಬಂದರೆ ಬೆಳೆ. ಲೆಕ್ಕ ಬರೆಯುವವನ ಬುದ್ಧಿ ಎಲ್ಲಿಗೆ ಹೋಗುತ್ತೆ? ಖರ್ಚಿನ ಕಡೆ ಗೆರೆ ಎಳೆದುಬಿಟ್ಟರೆ ಲಾಭ ತಾನಾಗಿ ಬರುತ್ತೆ ಅಂದುಕೊಂಡೆ.

2019ರ ಬೇಸಿಗೆಯಲ್ಲಿ ಎರಡು ದಿನದ ತರಬೇತಿಗೆ ಹೋದೆ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ಅಂತ ಮೊದಲ ಗಂಟೆಯಲ್ಲಿ ಹೇಳಿದರು. ಎರಡನೇ ಗಂಟೆಯಿಂದ ಜೀವಾಮೃತ ಶುರುವಾಯಿತು. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಅವರಿಂದ ಮನೆಮಾತಾದ ಅದೇ ಅಳತೆ: 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು 48 ಗಂಟೆ ಕೊಳೆಸಬೇಕು. ಕೋಲಿನಿಂದ ತಿರುವುತ್ತಿರಬೇಕು. ಒಂದು ಎಕರೆಗೆ ಒಂದು ಡ್ರಮ್. ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ. ಅದನ್ನು ಹಾಕಿದ ಮೇಲೆ ಬೆಳೆಗೆ ಬೇಕಾದ ಸಾರ ಎಷ್ಟು, ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲಿಲ್ಲ. ಮಧ್ಯಾಹ್ನ ಊಟ ಚೆನ್ನಾಗಿತ್ತು.

ಮನೆಗೆ ಬಂದು ನೀಲಿ ಡ್ರಮ್ ತಂದೆ. ಕೊಟ್ಟಿಗೆಯಲ್ಲಿ ಇದ್ದದ್ದು ಒಂದು ಸೀಮೆ ಹಸು. ನಾಟಿ ಹಸುವಿನ ಸಗಣಿಗೆ ಪಕ್ಕದ ಕೇರಿಯಲ್ಲಿ ಬಕೆಟ್ ಹಿಡಿದು ಓಡಾಡಿದೆ. ಬೆಲ್ಲದ ಡಬ್ಬ ತೆಗೆದಾಗ ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಮನೇರ ಕಾಫಿಗೆ ಬೆಲ್ಲ ಸಾಲಲ್ಲ, ಹೊಲಕ್ಕೆ ಪಾನಕ ಮಾಡ್ತೀಯಾ?"

ನಾನು ತರಬೇತಿಯ ಪುಸ್ತಕ ತೋರಿಸಿದೆ. ಅವಳು ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

ಆ ವರ್ಷ ಮೂರೂ ಎಕರೆಗೆ ಒಂದು ಕಾಳು ಯೂರಿಯಾ ಹಾಕಲಿಲ್ಲ. ಹದಿನೈದು ದಿನಕ್ಕೊಮ್ಮೆ ಜೀವಾಮೃತ ಹೊತ್ತು ಹಾಕಿದೆ. ರಾಗಿ ಹುಟ್ಟಿತು. ಒಂದು ತಿಂಗಳು ಹಸಿರಾಗೇ ಇತ್ತು. ಆಮೇಲೆ ಕೆಳಗಿನ ಎಲೆಯಿಂದ ಶುರುವಾಗಿ ಹಳದಿ ಮೇಲಕ್ಕೆ ಹತ್ತಿತು. ಪೈರು ತೆಂಡೆ ಒಡೆಯಲೇ ಇಲ್ಲ. ಪಕ್ಕದ ಹೊಲ ನಮ್ಮ ಚಿಕ್ಕಪ್ಪನದು. ಬದುವಿನ ಮೇಲೆ ನಿಂತು ಟವೆಲ್ ಕೊಡವಿ, "ಏನ್ಲಾ, ನಿನ್ ರಾಗಿಗೆ ಕಾಮಾಲೆ ಬಂದೈತಲ್ಲ" ಅಂದರು. ನಾನು ನಗಲಿಲ್ಲ. ಕಣದಲ್ಲಿ ಅಳೆದಾಗ ಮೂರು ಎಕರೆಗೆ ಒಂಬತ್ತು ಕ್ವಿಂಟಾಲ್. ಅಪ್ಪನ ಕಾಲದಲ್ಲಿ ಮಳೆ ಸರಿಯಾದ ವರ್ಷ ಇಪ್ಪತ್ನಾಲ್ಕು ಆಗುತ್ತಿತ್ತು.

ಆವಾಗ ಕೂತು ಲೆಕ್ಕ ಹಾಕಿದೆ. ಬಿತ್ತುವ ಮೊದಲು ಹಾಕಬೇಕಿದ್ದ ಲೆಕ್ಕ ಅದು. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. 45 ಕೆಜಿ ಚೀಲ ಒಂದರಲ್ಲಿ ಸುಮಾರು 20 ಕೆಜಿ ಆಯಿತು. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಇದ್ದರೆ ಹೆಚ್ಚು. ಅಂದರೆ ಹೆಗಲ ಮೇಲೆ ಹೊತ್ತು ತರಬಹುದಾದ ಒಂದು ಚೀಲದ ಬದಲಿಗೆ 4 ಟನ್ ಗೊಬ್ಬರ ಬೇಕು. ಹಸು ದಿನಕ್ಕೆ ಹತ್ತು ಕೆಜಿ ಸಗಣಿ ಹಾಕುತ್ತೆ ಅಂದುಕೊಳ್ಳಿ. ವರ್ಷಕ್ಕೆ ಮೂರೂವರೆ ಟನ್ ಚಿಲ್ಲರೆ. ಅದು ಒಣಗಿ, ಕೊಳೆತು ಗೊಬ್ಬರ ಆಗುವ ಹೊತ್ತಿಗೆ ಅರ್ಧಕ್ಕಿಂತ ಕಮ್ಮಿ. ಒಂದು ಹಸು, ಮೂರು ಎಕರೆ. ಡ್ರಮ್ಮಿಗೆ ಹಾಕಿದ ಹತ್ತು ಕೆಜಿ ಸಗಣಿಯಿಂದ ಎಕರೆಗೆ ಎಷ್ಟು ಸಾರ ಹೋಯಿತು ಅಂತ ಬರೆಯೋಕೂ ನಾಚಿಕೆ ಆಯಿತು. ಜೀವಾಮೃತ ಮೊಸರಿಗೆ ಹಾಕುವ ಹೆಪ್ಪಿನ ಹಾಗೆ. ಹೆಪ್ಪು ಹಾಕೋಕೆ ಹಾಲು ಇರಬೇಕು ಅಲ್ವಾ? ನನ್ನ ಮಣ್ಣಲ್ಲಿ ಹಾಲೇ ಇರಲಿಲ್ಲ. ಇಪ್ಪತ್ತು ವರ್ಷ ಚೀಲದ ಗೊಬ್ಬರ ತಿಂದ ನೆಲ ಅದು. ಸೊಪ್ಪು ಸದೆ ಕಂಡೇ ಇರಲಿಲ್ಲ.

2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರ ತರಿಸುವುದನ್ನು ಒಂದೇ ಏಟಿಗೆ ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಆ ತೀರ್ಮಾನ ವಾಪಸ್ ತೆಗೆದುಕೊಂಡ ಸುದ್ದಿ ಓದಿದೆ. ನಾನು ಮೂರು ಎಕರೆಯಲ್ಲಿ ಮಾಡಿದ್ದನ್ನು ಅವರು ಇಡೀ ದೇಶದಲ್ಲಿ ಮಾಡಿದ್ದರು. ನಗು ಬಂತು. ಅಲ್ಲಿನ ರೈತರನ್ನು ನೆನೆದು ಹೊಟ್ಟೆಯಲ್ಲಿ ಸಂಕಟವೂ ಆಯಿತು.

2019ರ ಆ ಸುಗ್ಗಿ ಮುಗಿದ ಮೇಲೆ ಒಂದು ರಾತ್ರಿ ಅವ್ವನನ್ನು ಕೇಳಿದೆ. "ರಾಗಿ ಹಳದಿ ಆಗುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಆ ರಾತ್ರಿ ಕೇಳಿದೆ. ಚೀಲದ ಗೊಬ್ಬರ ಬರುವ ಮುಂಚೆ ನಮ್ಮ ಹೊಲಕ್ಕೆ ಏನೇನು ಹಾಕುತ್ತಿದ್ದರು ಅಂತ ಅವಳು ಹೇಳುತ್ತಾ ಹೋದಳು, ನಾನು ನೋಟ್ ಬುಕ್ಕಿನಲ್ಲಿ ನಾಲ್ಕು ಪುಟ ಬರೆದೆ. ಬೇಸಿಗೆಯಲ್ಲಿ ಕೆರೆ ಗೋಡು, ಅಂದರೆ ಕೆರೆಯ ಹೂಳು, ಹೊಡೆಸುತ್ತಿದ್ದರು. ಸುಗ್ಗಿ ಆದ ಮೇಲೆ ಬಯಲು ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ಬದುವಿನ ಹೊಂಗೆ ಮರದ ಸೊಪ್ಪು ಕಡಿದು ತಂದು ದನಗಳ ಕಾಲ ಕೆಳಗೆ ಹಾಕುತ್ತಿದ್ದರು. ಗಂಜಲ ಕುಡಿದ ಸೊಪ್ಪು ತಿಪ್ಪೆಗೆ ಹೋಗುತ್ತಿತ್ತು. ರಾಗಿಯ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಒಂದೆರಡು ಸಾಲು ಜೋಳ, ಅಲ್ಲೊಂದು ಇಲ್ಲೊಂದು ಹರಳು. ಹೊಲದ ಅಂಚಿಗೆ ಹುಚ್ಚೆಳ್ಳು. "ಅದಕ್ಕೆ ದನ ಮೂತಿ ಇಡಲ್ಲ. ಬೇಲಿನೂ ಆಯ್ತು, ಎಣ್ಣೆನೂ ಆಯ್ತು." ಅದರ ಹಳದಿ ಹೂವಿಗೆ ಜೇನು ಬರುತ್ತೆ ಅಂತಲೂ ಅವಳಿಗೆ ಗೊತ್ತಿತ್ತು. ದ್ವಿದಳ ಬೆಳೆಯ ಬೇರಿನ ಗಂಟಲ್ಲಿ ಸಾರಜನಕ ಇರುತ್ತೆ ಅಂತ ಗೊತ್ತಿರಲಿಲ್ಲ. ಅವರೆ ಬೆಳೆದ ಸಾಲಿನ ಮೇಲೆ ಮರುವರ್ಷ ರಾಗಿ ಕಪ್ಪಗೆ ಬರುತ್ತೆ ಅನ್ನುವುದು ಗೊತ್ತಿತ್ತು. ಎರಡೂ ಒಂದೇ ಮಾತು ತಾನೇ.

ರೈತರಿಗೆ ಸಾವಯವದ ಬಗ್ಗೆ ಅರಿವು ಮೂಡಿಸಬೇಕು ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಆ ನಾಲ್ಕು ಪುಟ ನೆನಪಾಗುತ್ತೆ. ಅರಿವು ಇತ್ತು. ಅದನ್ನು ಹೊಲಕ್ಕೆ ಇಳಿಸೋಕೆ ಹೋದಾಗ ಒಂದೊಂದೇ ಬಾಗಿಲು ಮುಚ್ಚಿತ್ತು.

ಕೆರೆ ಗೋಡು ಅಂದ್ರೆ ಆಗ ಎತ್ತಿನ ಗಾಡಿ, ಗುದ್ದಲಿ, ಮನೆ ಮಂದಿ. ಈಗ ಜೆಸಿಬಿ, ಟ್ರ್ಯಾಕ್ಟರ್, ಅನುಮತಿ. ಇಟ್ಟಿಗೆ ಗೂಡಿನವರೂ ಅದೇ ಮಣ್ಣಿಗೆ ಕಾಯುತ್ತಿರುತ್ತಾರೆ, ಅವರ ಮುಂದೆ ನಾವು ದುಡ್ಡು ಬಿಚ್ಚೋಕೆ ಆಗಲ್ಲ. ಕುರಿಯವರು ಶಿರಾ, ಹಿರಿಯೂರು ಕಡೆಯಿಂದ ಬರುತ್ತಿದ್ದರು. ಈಗ ಬರುವವರು ಕಡಿಮೆ. ದಾರಿಯ ಗೋಮಾಳಗಳು ಹೋಗಿವೆ, ಅಡಿಕೆ ತೋಟಕ್ಕೆ ಬೇಲಿ ಬಿದ್ದಿದೆ, ಕುರಿ ಎಲ್ಲಿ ನಡೆಯಬೇಕು? ಹೊಂಗೆ ಮರಗಳನ್ನು ಅಪ್ಪನೇ ಕಡಿಸಿದ್ದರು, ಟ್ರ್ಯಾಕ್ಟರ್ ತಿರುಗೋಕೆ ಅಡ್ಡ ಆಗುತ್ತೆ ಅಂತ. ಎತ್ತು ಮಾರಿದ್ದೂ ಟ್ರ್ಯಾಕ್ಟರ್ ಬಂದ ವರ್ಷವೇ. ಎತ್ತು ಹೋದ ಮೇಲೆ ರಾಗಿ ಹುಲ್ಲು ಮಾರಾಟಕ್ಕೆ ಹೋಯಿತು. ಹುಲ್ಲಿನ ಜೊತೆ ಸಗಣಿಯೂ ಊರು ಬಿಟ್ಟಿತು. ನಾಲ್ಕು ಪುಟದಲ್ಲಿ ನಾಳೆಯೇ ಮಾಡಬಹುದಾದ ಕೆಲಸ ಒಂದೇ ಉಳಿಯಿತು, ಅಕ್ಕಡಿ ಸಾಲು.

ಗೊಬ್ಬರ ಕೊಂಡು ತಂದೂ ನೋಡಿದೆ. ಲೋಡಿಗೆ ನಾಲ್ಕು ಸಾವಿರದಂತೆ ಎರಡು ಲೋಡ್. ಅದು ಅರ್ಧ ಕೊಳೆತ ಮಾಲು. ಅದರ ಜೊತೆ ಬಂದ ಕಳೆ ಬೀಜ ಎರಡು ವರ್ಷ ಕಾಡಿತು. ಗೊಣ್ಣೆ ಹುಳುವೂ ಬಂತು. ಗುಡ್ಡೆ ಕೆದಕಿ ನೋಡದೆ, ಬಿಸಿ ಆರಿದೆಯಾ, ಬೆರಳಲ್ಲಿ ಉಜ್ಜಿದರೆ ಪುಡಿ ಆಗುತ್ತಾ ಅಂತ ನೋಡದೆ ದುಡ್ಡು ಕೊಡಬೇಡಿ. ಇದೊಂದು ಮಾತು ನನ್ನಿಂದ ಉಚಿತ.

2020ರಲ್ಲಿ ಹಟ ಬಿಟ್ಟೆ. ಒಂದು ಎಕರೆ ಮಾತ್ರ ಪೂರ್ತಿ ಸಾವಯವ, ಉಳಿದ ಎರಡಕ್ಕೆ ಅಪ್ಪ ಹಾಕುತ್ತಿದ್ದುದರಲ್ಲಿ ಅರ್ಧದಷ್ಟು ಯೂರಿಯಾ ಹಾಕಿದೆ. ಮೇ ತಿಂಗಳ ಮಳೆಗೆ ಹಸಿರು ಗೊಬ್ಬರಕ್ಕೆ ಅಂತ ಅಪ್ಸೆಣಬು ಚೆಲ್ಲಿ, 45 ದಿನಕ್ಕೆ ಹೂ ಬರುವ ಹೊತ್ತಲ್ಲಿ ಉತ್ತು ಮಣ್ಣಿಗೆ ಸೇರಿಸಿದೆ. ಕೇಳೋಕೆ ಸುಲಭ. ಖುಷ್ಕಿಯಲ್ಲಿ ಇದು ಜೂಜು. ಉತ್ತ ಮೇಲೆ ಇನ್ನೊಂದು ಮಳೆ ಬಂದರೆ ಕೊಳೆಯುತ್ತೆ. ಬರದಿದ್ದರೆ ಕಡ್ಡಿ ಹಾಗೇ ನಿಂತು ಕುಂಟೆಗೆ ಸಿಕ್ಕಿಕೊಳ್ಳುತ್ತೆ. ನಮ್ಮ ಕಡೆ "ಆದರೆ ಆರಿದ್ರಾ, ಇಲ್ಲದಿದ್ರೆ ದರಿದ್ರಾ" ಅಂತಾರೆ. ಆ ವರ್ಷ ಆರಿದ್ರಾ ಕೈ ಹಿಡಿಯಿತು.

ತಿಪ್ಪೆ ವಿಷಯದಲ್ಲಿ ಮಾತ್ರ ಅವ್ವನ ಜೊತೆ ಜಗಳ ಆಯಿತು. ನಮ್ಮ ತಿಪ್ಪೆ ಮನೆ ಮುಂದೆ ಬಯಲಲ್ಲಿ, ಬಿಸಿಲಿಗೆ ಒಣಗಿ ಮಳೆಗೆ ತೊಳೆದು ಹೋಗುತ್ತಾ ಇತ್ತು. ಸಾರ ಅರ್ಧ ಗಾಳಿಗೆ, ಅರ್ಧ ಚರಂಡಿಗೆ. ಹುಣಸೆ ಮರದ ನೆರಳಲ್ಲಿ ಗುಂಡಿ ತೆಗೆದೆ. ಒಂದು ಪದರ ಸಗಣಿ, ಒಂದು ಪದರ ಕಸ ಕಡ್ಡಿ, ಮೇಲೆ ತೆಳ್ಳಗೆ ಮಣ್ಣು. ಗಂಜಲ ಕೊಟ್ಟಿಗೆಯಿಂದ ಹರಿದು ಬರೋಕೆ ಸಣ್ಣ ಕಾಲುವೆ. ತುಂಬಿದ ಮೇಲೆ ಮಣ್ಣಿನಿಂದ ಮೆತ್ತಿ ಮುಚ್ಚಿದೆ. "ತಿಪ್ಪೆ ಮುಚ್ಚಿದ್ರೆ ಮನೆಗೆ ಶ್ರೇಯಸ್ಸಲ್ಲ, ದೀಪಾವಳಿಗೆ ಪೂಜೆ ಎಲ್ಲಿ ಮಾಡ್ಲಿ" ಅಂತ ಅವ್ವ ಎರಡು ದಿನ ಮಾತು ಬಿಟ್ಟಳು. ನಾಲ್ಕು ತಿಂಗಳಾದ ಮೇಲೆ ತೆಗೆದಾಗ ಕರಿ ಕಾಫಿಪುಡಿ ಥರ ಉದುರಿತು. ಅವಳು ಕೈಯಲ್ಲಿ ಹಿಡಿದು ಮೂಸಿ ನೋಡಿದಳು. ಏನೂ ಹೇಳಲಿಲ್ಲ. ಮಾರನೇ ದಿನದಿಂದ ಕಸವನ್ನು ತಾನೇ ಗುಂಡಿಗೆ ಹಾಕತೊಡಗಿದಳು.

ಕಳೆ ಬಗ್ಗೆ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಸಾವಯವ ಬಿಟ್ಟು ವಾಪಸ್ ಹೋದವರನ್ನು ಕೇಳಿ, ಹುಳದ ಮಾತು ಕಡಿಮೆ ಆಡುತ್ತಾರೆ. ಹುಳಕ್ಕೆ ಏನಾದರೂ ಮಾಡಬಹುದು. 5 ಕೆಜಿ ಬೇವಿನ ಬೀಜದ ಪುಡಿ ರಾತ್ರಿ ನೆನೆಸಿ 100 ಲೀಟರ್ ನೀರಿಗೆ ಸೋಸಿ ಹೊಡೆದರೆ ಎಷ್ಟೋ ಹತೋಟಿಗೆ ಬರುತ್ತೆ. ನಮ್ಮ ರಾಗಿಗೆ ಅದೂ ಬೇಕಾಗಿದ್ದು ಕಮ್ಮಿ. ಗರಿಕೆಗೆ, ಜೇಕಿಗೆ ಯಾವ ಕಷಾಯವೂ ಇಲ್ಲ. ಅವಕ್ಕೆ ಬೇಕಾದ್ದು ಕೈ. ಇಲ್ಲಾಂದ್ರೆ ಎತ್ತು, ಎಡೆಕುಂಟೆ.

2020ರಲ್ಲಿ ಕೊರೊನಾ ಅಂತ ಬೆಂಗಳೂರಿಗೆ ಹೋಗಿದ್ದ ಹುಡುಗರೆಲ್ಲ ಊರಿಗೆ ಬಂದಿದ್ದರು. ಕೂಲಿಗೆ ಜನ ಇದ್ದರು, ನಮ್ಮ ಒಂದು ಎಕರೆ ಎರಡು ಸಲ ಕಳೆ ಕಿತ್ತು ಕನ್ನಡಿ ಥರ ಇತ್ತು. ಎಂಟು ಕ್ವಿಂಟಾಲ್ ಬಂತು. ನಾನು ಗೆದ್ದೆ ಅಂದುಕೊಂಡೆ. ಅದು ಸಾವಯವದ ಗೆಲುವಾ, ಕೈಗಳ ಗೆಲುವಾ ಅಂತ ಮರುವರ್ಷ ಗೊತ್ತಾಯಿತು. 2021ರಲ್ಲಿ ಹುಡುಗರೆಲ್ಲ ವಾಪಸ್ ಹೋದರು. ಹೆಣ್ಣಾಳು ಒಬ್ಬರಿಗೆ ದಿನಕ್ಕೆ ಮುನ್ನೂರು ಅಂದರೂ ಬೆಳಗ್ಗೆ ಆಟೋ ಬಂದು ಅಡಿಕೆ ಸುಲಿಯೋಕೆ ಕರೆದುಕೊಂಡು ಹೋಗುತ್ತಿತ್ತು. ಎಕರೆ ಕಳೆ ಕೀಳೋಕೆ ಹತ್ತು ಹದಿನೈದು ಆಳು ಬೇಕು. ಕಳೆನಾಶಕದ ಬಾಟಲಿ ಹಿಡಿದರೆ ಒಬ್ಬನೇ ಅರ್ಧ ದಿನದಲ್ಲಿ ಮುಗಿಸುತ್ತಾನೆ. ಈ ಲೆಕ್ಕದ ಮುಂದೆ ಮಣ್ಣಿನ ಆರೋಗ್ಯದ ಮಾತು ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ. ಕೊನೆಗೆ ಚೆಲ್ಲುವುದು ಬಿಟ್ಟು ಸಾಲು ಬಿತ್ತನೆಗೆ ಬಂದೆವು. ಸಾಲಿದ್ದರೆ ಕೈಯಲ್ಲಿ ತಳ್ಳುವ ಸೈಕಲ್ ಎಡೆಕುಂಟೆ ಹೋಗುತ್ತೆ. ನಾನು ಮುಂದೆ ತಳ್ಳಿದೆ, ಹೆಂಡತಿ, ಅವ್ವ ಹಿಂದೆ ಉಳಿದ ಕಳೆ ಕಿತ್ತರು. ನನ್ನ ಅಂಗೈ ನೋಡಿ ಹಳೇ ಹಾರ್ಡ್‌ವೇರ್ ಅಂಗಡಿಯ ಗೆಳೆಯ ಗುರುತೇ ಹಿಡಿಯಲಿಲ್ಲ.

ಆ ವರ್ಷವೇ ಮೂರೂ ಎಕರೆ ಪೂರ್ತಿ ಬದಲಿಸಿ, ಪ್ರಮಾಣಪತ್ರದ ದಾರಿ ಹಿಡಿದೆ. ಇದರಲ್ಲಿ ಎರಡು ದಾರಿ ಇವೆ. ಹೊರದೇಶಕ್ಕೆ ಕಳಿಸುವುದಾದರೆ ಹೊರಗಿನ ಸಂಸ್ಥೆಯೊಂದು ಬಂದು ತಪಾಸಣೆ ಮಾಡಬೇಕು, ಅದಕ್ಕೆ ಶುಲ್ಕ ಕಟ್ಟಬೇಕು. ದೇಶದೊಳಗೆ ಮಾರೋಕೆ ಪಿಜಿಎಸ್ ಅಂತ ಇದೆ, ಅಂದರೆ ರೈತರ ಗುಂಪೇ ಒಬ್ಬರಿಗೊಬ್ಬರು ಖಾತ್ರಿ ಕೊಡುವ ಪದ್ಧತಿ. ಒಂದೇ ಊರಿನ ಅಥವಾ ಅಕ್ಕಪಕ್ಕದ ಊರಿನ ಕನಿಷ್ಠ ಐದು ಜನ ಗುಂಪು ಮಾಡಿಕೊಳ್ಳಬೇಕು. ಪ್ರತಿಜ್ಞೆ ಬರೆದುಕೊಡಬೇಕು. ಒಬ್ಬರ ಹೊಲವನ್ನು ಇನ್ನೊಬ್ಬರು ತಪಾಸಣೆ ಮಾಡಬೇಕು. ರಾಗಿಯಂಥ ಬೆಳೆಗೆ ಬದಲಾವಣೆಯ ಅವಧಿ 24 ತಿಂಗಳು, ತೆಂಗು ಅಡಿಕೆಯಂಥದ್ದಕ್ಕೆ 36. ಅಲ್ಲಿವರೆಗೆ ಸಿಗುವುದು ಪಿಜಿಎಸ್ ಗ್ರೀನ್, ಆಮೇಲೆ ಪಿಜಿಎಸ್ ಆರ್ಗ್ಯಾನಿಕ್. ನಮಗೆ ಈ ದಾರಿ ಸರಿ ಅನ್ನಿಸಿತು.

ಐದು ಜನ ಹುಡುಕೋದೇ ಮೂರು ತಿಂಗಳ ಕೆಲಸ. ನಾನು, ಪಕ್ಕದೂರಿನ ಭಾವ, ಅಂದರೆ ಅಕ್ಕನ ಗಂಡ, ತೆಂಗಿನ ತೋಟದ ಒಬ್ಬ ನಿವೃತ್ತ ಮೇಷ್ಟ್ರು, ಕುರಿ ಸಾಕುವ ಒಬ್ಬ ಅಣ್ಣ, ಗಂಡ ತೀರಿಕೊಂಡ ಮೇಲೆ ತಾನೇ ಬೇಸಾಯ ಮಾಡುವ ಒಬ್ಬ ಅಕ್ಕ. ಆ ಅಕ್ಕನ ಹೊಲದ ಪಹಣಿ ಇನ್ನೂ ಮಾವನ ಹೆಸರಲ್ಲಿತ್ತು. ಪೌತಿ ಖಾತೆ ಆಗಿರಲಿಲ್ಲ. ಇಪ್ಪತ್ತು ವರ್ಷದಿಂದ ಆ ಮಣ್ಣಲ್ಲಿ ಬಗ್ಗಿದವಳು ಕಾಗದದಲ್ಲಿ ರೈತಳಲ್ಲ. ಅದನ್ನು ಸರಿ ಮಾಡಿಸೋಕೆ ಒಂದು ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಿದೆವೋ ಲೆಕ್ಕ ಬಿಟ್ಟುಹೋಗಿದೆ. ನಾನು ಲೆಕ್ಕ ಬರೆಯುವವನು, ಆದರೂ.

ಆಮೇಲೆ ಡೈರಿ. ಯಾವ ದಿನ ಬಿತ್ತಿದೆ, ಯಾವ ದಿನ ಗೊಬ್ಬರ ಹಾಕಿದೆ, ಬೀಜ ಎಲ್ಲಿಂದ ತಂದೆ, ಎಲ್ಲ ಬರೆದಿಡಬೇಕು. ಅವ್ವನನ್ನು ಕೇಳಿದರೆ, "ಪುನರ್ವಸು ಮಳೆ ಎರಡನೇ ಪಾದದಲ್ಲಿ ಬಿತ್ತಿದ್ವಿ" ಅಂತಾಳೆ. ಅರ್ಜಿಯಲ್ಲಿ ನಕ್ಷತ್ರಕ್ಕೆ ಜಾಗ ಇಲ್ಲ. ಕ್ಯಾಲೆಂಡರ್ ತೆಗೆದು ಜುಲೈ ತಿಂಗಳಲ್ಲಿ ತಾರೀಖು ಹುಡುಕುತ್ತಾ ಕೂರುತ್ತಿದ್ದೆ. ಬೀಜದ್ದು ಇನ್ನೊಂದು ಕಥೆ. ಅಂಗಡಿಯ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಸವರಿರುತ್ತೆ, ಅದು ನಡೆಯಲ್ಲ. ರಾಗಿ ತನ್ನ ಹೂವಲ್ಲೇ ಕಾಳು ಕಟ್ಟುವ ಬೆಳೆ, ಹಾಗಾಗಿ ನಮ್ಮದೇ ಹೊಲದ ಒಳ್ಳೆ ತೆನೆ ಆರಿಸಿ ಇಟ್ಟುಕೊಂಡರೆ ಸಾಕು. ನಮ್ಮಲ್ಲಿ ಇದ್ದದ್ದು ಜಿಪಿಯು-28 ಅನ್ನುವ ತಳಿ. ಅವ್ವನ ಕಾಲದ ಹಳೇ ತಳಿಗಳ ಬೀಜ ಮನೆಯಲ್ಲಿ ಒಂದು ಹಿಡಿಯೂ ಉಳಿದಿರಲಿಲ್ಲ.

ಚಿಕ್ಕಪ್ಪನ ಹೊಲದಿಂದ ಔಷಧಿ ತೂರಿ ಬರದಂತೆ ಆ ಕಡೆ ಬದುವಿಗೆ ಒತ್ತಾಗಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಟ್ಟೆ, ಒಂದು ಪಟ್ಟೆ ಹುಚ್ಚೆಳ್ಳು ಹಾಕಿದೆ. ಗಾಳಿ ಈ ಕಡೆ ಬೀಸುವ ದಿನ ಹೊಡೆಯಬೇಡಿ ಅಂತ ಚಿಕ್ಕಪ್ಪನಿಗೆ ಕೇಳಿಕೊಂಡೆ. "ಗಾಳಿಗೂ ನಾನೇ ಜವಾಬ್ದಾರಿನೇನ್ಲಾ" ಅಂತ ಗೊಣಗಿದರು. ಆದರೆ ಅವತ್ತಿಂದ ಹೊಡೆಯುವ ಮುಂಚೆ ಫೋನ್ ಮಾಡುತ್ತಾರೆ.

2021ರ ನವೆಂಬರ್ ಮಳೆ ನೆನಪಿದೆ ಅಲ್ವಾ? ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿತು. ತೆನೆಯಲ್ಲೇ ಮೊಳಕೆ ಬಂತು. ಸಾವಯವ, ರಾಸಾಯನಿಕ ಅಂತ ಮಳೆ ನೋಡಲಿಲ್ಲ. ನಮ್ಮನ್ನು ಆ ವರ್ಷ ಉಳಿಸಿದ್ದು ಅಕ್ಕಡಿ ಸಾಲಿನ ಅವರೆ. ಮಳೆ ನಿಂತ ಮೇಲೆ ಹೂ ಕಟ್ಟಿತು. ಇಬ್ಬನಿಗೆ ಸೊಗಡು ಹಿಡಿಯಿತು. ಜನವರಿವರೆಗೂ ಕಾಯಿ ಕಿತ್ತು ಸಂತೆಗೆ ಹಾಕಿದೆವು. ತರಬೇತಿಯ ಪುಸ್ತಕದಲ್ಲಿ ಅಕ್ಕಡಿ ಸಾಲಿಗೆ ಅರ್ಧ ಪುಟ ಇತ್ತು, ಜೀವಾಮೃತಕ್ಕೆ ಆರು.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ಬರೆಯಲೋ ಬೇಡವೋ ಅಂತ ತುಂಬಾ ಯೋಚನೆ ಮಾಡಿದೆ. ಅವರೇ "ಬರಿ, ನಂಗೇನು" ಅಂದರು.

2022ರ ತಪಾಸಣೆಯ ದಿನ. ಕನಿಷ್ಠ ಮೂರು ಜನ ಹೋಗಬೇಕು, ಒಬ್ಬರಿಗಾದರೂ ಓದು ಬರಹ ಬರಬೇಕು. ನಾನು, ಮೇಷ್ಟ್ರು, ಆ ಅಕ್ಕ ಭಾವನ ಹೊಲಕ್ಕೆ ಹೋದೆವು. ರಾಗಿ ಚೆನ್ನಾಗಿತ್ತು. ಮೇಷ್ಟ್ರು ಹಾಳೆಯಲ್ಲಿ ಒಂದೊಂದೇ ಸರಿ ಗುರುತು ಹಾಕುತ್ತಾ ಬಂದರು. ಮೂಡಲ ಬದುವಿನ ಹತ್ತಿರ ಆ ಅಕ್ಕ ನಿಂತುಬಿಟ್ಟಳು. ಬದುವಿನ ಹುಲ್ಲು ಉದ್ದಕ್ಕೂ ಒಂದೇ ಅಗಲಕ್ಕೆ ಹುರಿದ ಹಾಗೆ ಕಂದಾಗಿತ್ತು. ಕುಡುಗೋಲಿಂದ ಕುಯ್ದ ಹುಲ್ಲು ಹಾಗೆ ಇರಲ್ಲ. ಬಿಸಿಲಿಗೆ ಒಣಗಿದ್ದೂ ಹಾಗೆ ಗೆರೆ ಎಳೆದಂತೆ ಒಣಗಲ್ಲ. ಮೂವರೂ ನೋಡಿದೆವು. ಯಾರೂ ಮಾತಾಡಲಿಲ್ಲ. ನನ್ನ ಅಕ್ಕ ಮನೆಯಿಂದ ಬಿಸಿ ಕಾಫಿ, ಕೋಡುಬಳೆ ತಂದಿದ್ದಳು. ಕೋಡುಬಳೆ ತಿಂದೆವು. ಗಂಟಲಲ್ಲಿ ಇಳಿಯಲಿಲ್ಲ.

ಕೊನೆಗೆ ಮೇಷ್ಟ್ರೇ ಕೇಳಿದರು. ಭಾವ ಸುಳ್ಳು ಹೇಳಲಿಲ್ಲ. "ಹೊಲಕ್ಕೆ ಒಂದು ತೊಟ್ಟೂ ಹೊಡೆದಿಲ್ಲ. ಬದುವಿಗೆ ಅಷ್ಟೇ. ಮೊಣಕಾಲುದ್ದ ಬೆಳೆದಿತ್ತು, ಹಾವಿನ ಕಾಟ. ಆಳು ಸಿಗಲಿಲ್ಲ, ನಂಗೆ ಸೊಂಟ ನೋವು, ಏನ್ ಮಾಡ್ಲಿ?" ಆಮೇಲೆ ನನ್ನ ಕಡೆ ತಿರುಗಿ, "ಏನಯ್ಯಾ, ನೀನೂ ಬರೀತೀಯಾ ಇದನ್ನ?" ಅಂದರು.

ಬರೆಯದಿದ್ದರೆ ನಾವು ಐದೂ ಜನ ಹಾಕಿದ ಸಹಿ ಸುಳ್ಳು. ಬರೆದು ಅವರು ಗುಂಪು ಬಿಟ್ಟರೆ ಉಳಿಯುವುದು ನಾಲ್ಕು ಜನ, ಗುಂಪೇ ಇರಲ್ಲ. ಮೇಷ್ಟ್ರ ಎರಡು ವರ್ಷ, ಆ ಅಕ್ಕ ಹತ್ತಿದ ಮೆಟ್ಟಿಲು, ಎಲ್ಲ ನೀರಿಗೆ. ಪಿಜಿಎಸ್ ಬಗ್ಗೆ ಹೇಳುವವರು ಇದು ನಂಬಿಕೆಯ ಮೇಲೆ ನಿಂತ ಪದ್ಧತಿ ಅಂತಾರೆ, ಕೇಳೋಕೆ ಚೆನ್ನಾಗಿರುತ್ತೆ. ಅಕ್ಕನ ಕೈಯ ಕೋಡುಬಳೆ ತಿನ್ನುತ್ತಾ ಅವಳ ಗಂಡನ ತಪ್ಪು ಬರೆಯೋದು ಹೇಗೆ ಅಂತ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಬರೆದೆವು. ಅಂದು ರಾತ್ರಿ ಐದೂ ಜನ ದೇವಸ್ಥಾನದ ಜಗಲಿಯಲ್ಲಿ ಕೂತು ತೀರ್ಮಾನ ಮಾಡಿದೆವು. ಭಾವ ಗುಂಪಿನಲ್ಲೇ ಇರಬೇಕು, ಆದರೆ ಅವರ 24 ತಿಂಗಳು ಅವತ್ತಿನಿಂದ ಮತ್ತೆ ಶುರು. ಭಾವ ಸಹಿ ಹಾಕಿ ಎದ್ದು ಹೋದರು. ಆ ವರ್ಷ ನಮ್ಮನೆ ಹಬ್ಬಕ್ಕೆ ಬರಲಿಲ್ಲ. ಅಕ್ಕ ಬಂದು ಊಟ ಮಾಡಿ, ಪಾತ್ರೆಯಲ್ಲಿ ಅವರ ಪಾಲು ತೆಗೆದುಕೊಂಡು ಹೋದಳು.

ನಮ್ಮ ನಾಲ್ವರಲ್ಲಿ ಮೇಷ್ಟ್ರ ತೆಂಗು ಇನ್ನೊಂದು ವರ್ಷ ಕಾಯಬೇಕಿತ್ತು. ಉಳಿದ ಮೂವರಿಗೆ 2023ರಲ್ಲಿ ಪೂರ್ತಿ ಸಾವಯವದ ಪತ್ರ ಬಂತು. ಪತ್ರ ಬಂತು, ಮಳೆ ಬರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದ ವರ್ಷ ಅದು. ನಮ್ಮ ಮೂರು ಎಕರೆಗೆ ಎಂಟು ಕ್ವಿಂಟಾಲ್ ಬಂತು. ಮನೆಗೆ, ಬೀಜಕ್ಕೆ, ನೆಂಟರಿಗೆ ಕಳೆದರೆ ಮಾರೋಕೆ ಎಷ್ಟು ಉಳಿಯುತ್ತೆ. ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಹೊಡೆದೆ. ಚಿಕ್ಕಪ್ಪ ನೋಡಿ, "ಇದನ್ನ ಬೀಸಿದ್ರೆ ಎಷ್ಟು ಹಿಟ್ಟಾಗುತ್ತೆ?" ಅಂದರು. ಅವತ್ತು ನಾನೂ ನಕ್ಕೆ. ಒಂದು ಮಾತು ಮಾತ್ರ ಹೇಳಬೇಕು. ಆ ಬರದಲ್ಲಿ ಚಿಕ್ಕಪ್ಪನ ಪೈರು ನಮ್ಮದಕ್ಕಿಂತ ವಾರ ಮೊದಲೇ ಬಾಡಿತ್ತು. ಸೊಪ್ಪು ಉಂಡ ಮಣ್ಣು ತೇವ ಹಿಡಿದಿತ್ತು. ಅವರೇ ಬದು ದಾಟಿ ಬಂದು ನಮ್ಮ ಮಣ್ಣನ್ನು ಕೈಯಲ್ಲಿ ಹಿಚುಕಿ ನೋಡಿದರು.

ಮಾರಾಟದ ಕಥೆ ಚಿಕ್ಕದು. 2024ರಲ್ಲಿ ಮಳೆ ಆಯಿತು, ಇಪ್ಪತ್ತೊಂದು ಕ್ವಿಂಟಾಲ್ ಬಂತು. ರಾಗಿ ಖರೀದಿ ಕೇಂದ್ರದಲ್ಲಿ ಆ ವರ್ಷ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಸಾವಯವ ರಾಗಿಗೂ ಅದೇ, ಚೀಲದ ಗೊಬ್ಬರದ ರಾಗಿಗೂ ಅದೇ, ಎರಡೂ ಒಂದೇ ಗೋದಾಮಿಗೆ. ಬೆಂಗಳೂರಿನ ಒಂದು ಸಾವಯವ ಅಂಗಡಿಯವರು ಕೆಜಿಗೆ ಹನ್ನೆರಡು ರೂಪಾಯಿ ಜಾಸ್ತಿ ಕೊಡುತ್ತೇವೆ ಅಂದರು. ಕಲ್ಲು ತೆಗೆದು, ಪಾಲಿಶ್ ಇಲ್ಲದೆ ಕ್ಲೀನ್ ಮಾಡಿಸಿ, ಅವರಿಗೆ ಬೇಕಾದಾಗ ಮಾತ್ರ ಎರಡೆರಡು ಕ್ವಿಂಟಾಲ್ ಕಳಿಸಬೇಕು. ದುಡ್ಡು ಮೂರು ತಿಂಗಳಿಗೆ ಬಂತು. ಸಾಗಾಣಿಕೆ, ಕ್ಲೀನಿಂಗ್ ಕಳೆದರೆ ಉಳಿದದ್ದು ಕೆಜಿಗೆ ನಾಲ್ಕು ರೂಪಾಯಿ. ಈಗ ಅರ್ಧ ಖರೀದಿ ಕೇಂದ್ರಕ್ಕೆ, ಅರ್ಧ ಬೆಂಗಳೂರಿನ ನಲವತ್ತು ಮನೆಗಳಿಗೆ ನೇರವಾಗಿ ಹೋಗುತ್ತೆ. ತಮಾಷೆ ಕೇಳಿ: ತಿನ್ನುವವರಿಗೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ 2017ರ ಆಹಾರ ಸುರಕ್ಷತಾ ನಿಯಮದಲ್ಲಿ ಪ್ರಮಾಣಪತ್ರದ ವಿನಾಯಿತಿ ಇದೆ. ಜೈವಿಕ ಭಾರತ ಅನ್ನುವ ಸಾವಯವದ ಸರ್ಕಾರಿ ಗುರುತು ಹಾಕೋಕೆ ಮಾತ್ರ ಪತ್ರ ಬೇಕು. ಆ ನಲವತ್ತು ಮನೆಯವರು ಪತ್ರ ಕೇಳಲೂ ಇಲ್ಲ. ಅವರಲ್ಲಿ ಎಂಟು ಜನ ಹೊಲ ನೋಡೋಕೆ ಬಂದಿದ್ದರು. ಅವ್ವ ಅವರಿಗೆ ತಿಪ್ಪೆಗುಂಡಿ ತೋರಿಸಿದಳು, ತನ್ನದೇ ಯೋಚನೆ ಅನ್ನುವ ಹಾಗೆ.

ಖರ್ಚು ಕಳೆದರೆ ಈಗ ಕೈಯಲ್ಲಿ ಉಳಿಯುವುದು ಅಪ್ಪನ ಕಾಲಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ಮನೆಯ ಮೂವರ ಕೂಲಿಯನ್ನು ಆ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದರೆ ಏನಾಗುತ್ತೆ ಅಂತ ನನಗೆ ಗೊತ್ತು, ಸುಮ್ನೆ ಬಿಟ್ಟಿದ್ದೇನೆ. ಕಳೆದ ವರ್ಷ ಎರಡು ನಾಟಿ ಹಸು ಕಟ್ಟಿದೆ. ಬದುವಿಗೆ ಹೊಂಗೆ ಸಸಿ ಹಾಕಿದ್ದೇನೆ, ಸೊಪ್ಪು ಕಡಿಯೋಕೆ ಇನ್ನೂ ನಾಲ್ಕೈದು ವರ್ಷ ಬೇಕು. ಡ್ರಮ್ ಈಗಲೂ ಇದೆ. ಬೆಲ್ಲ ಬೇರೆ ಡಬ್ಬದ್ದು.

ಹೋದ ತಿಂಗಳು ಭಾವನ ಹೊಲದ ತಪಾಸಣೆ ಇತ್ತು. ಅವರ ಎರಡು ವರ್ಷವೂ ಮುಗಿದಿದೆ. ಮೂಡಲ ಬದುವಿನಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಅರ್ಧ ಕುಯ್ದು ಹಸುವಿಗೆ ಹೊರೆ ಕಟ್ಟಿದ್ದರು, ಇನ್ನರ್ಧ ಹಾಗೇ ಬಿಟ್ಟಿದ್ದರು. ನಾನು ಅರ್ಜಿಗೆ ಬೇಕಾದ ಫೋಟೋಗೆ ಮೊಬೈಲ್ ತೆಗೆದೆ. ಭಾವ ಕುಡುಗೋಲು ಕೆಳಗಿಟ್ಟು, ಪಂಚೆ ಸರಿ ಮಾಡಿಕೊಂಡು, ಹುಲ್ಲಿನ ನಡುವೆ ಹೋಗಿ ನಿಂತರು.

"ಬದು ಪೂರ್ತಿ ಕಾಣೋ ಹಂಗೆ ತೆಗಿಯಯ್ಯಾ" ಅಂದರು.